ಗೇರಿಲ್ಲದ ಗಾಡಿ

ಬುಕ್ ಮಾಡುವಾಗ ಫೋನು ಕೇಳಿತ್ತು: ಎಷ್ಟು ಜನ, ಎಷ್ಟು ಬ್ಯಾಗು.
ಒಬ್ಬಳು. ಒಂದು.
ತೋರಣಗಲ್ಲಿನ ಪುಟ್ಟ ವಿಮಾನ ನಿಲ್ದಾಣದ ಹೊರಗೆ
ನನ್ನ ಹೆಸರಿಗೊಂದು ಕೊಂಬು ಕಡಿಮೆ ಬರೆದ ರಟ್ಟು ಹಿಡಿದು
ಗಾದಿಲಿಂಗಪ್ಪ.

ಕಾರು ಹೊರಟದ್ದೇ ತಿಳಿಯಲಿಲ್ಲ;
ಬೇವಿನ ಮರ ಹಿಂದೆ ಸರಿದಾಗ ತಿಳಿಯಿತು.
"ಹನ್ನೆರಡು ವರ್ಷ ಅದಿರಿನ ಲಾರಿ ಹೊಡ್ದೀನ್ರೀ,
ಬಲಗಿವಿ ಹೋತು.
ಈಗ ಸಪ್ಪಳ ಇಲ್ದ ಗಾಡಿ ಕೊಟ್ಟಾರ."
ನಕ್ಕ.

ಕುಡತಿನಿ ದಾಟಿದ ಏರಿನಲ್ಲಿ
ಅವನ ಎಡಗೈ ತಾನಾಗಿ ಇಳಿದು
ಇಲ್ಲದ ಗೇರು ತಡಕಿತು,
ಪೆಚ್ಚಾಗಿ ತೊಡೆಯ ಮೇಲೆ ಕೂತಿತು.

ಹೋಟೆಲು ಬಂತು. ಬಾಡಿಗೆ ಮೊದಲೇ ಸಂದಾಯ.
ಚಾರ್ಜು ಅರವತ್ತೊಂದು ಉಳಿದಿತ್ತು.

ಬಿಳಿ ದಿಂಬಿಗೆ ತಲೆಯಿಟ್ಟರೆ
ಕೆಂಪು ಧೂಳಿನ ಗೆರೆ.
ಯಾವ ಕಿವಿಗೆ ಹೇಳಿ ಬಂದೆ
ಬರ್ತೀನಿ ಅಂತ?
ನೆನಪಾಗುತ್ತಿಲ್ಲ.