ಅರ್ಧ ಶೀಶೆ

ಟೆಂಪೋದಾಗ ಇಪ್ಪತ್ಮೂರು ಡಬ್ಬಿ ಬಂದವು.
ಎಲ್ಲಾದರ ಮ್ಯಾಲೂ ಹೆಸರು ಬರದಿದ್ದೆ:
ಪಾತ್ರಿ, ಹಾಸಿಗಿ, ಹುಡುಗನ ಪುಸ್ತಕ,
ಉಪ್ಪಿನಕಾಯಿ – ನೆಟ್ಟಗ ಹಿಡೀರಿ.
ತಲಿನೋವಿಗೆ ಡಬ್ಬಿ ಇದ್ದಿಲ್ಲ.
ಅದು ಡ್ರೈವರನ ಬಾಜೂಕ ಕುಂತು
ಝಳಕಿ ದಾಟಿ, ಟಾಕಳಿ ಹತ್ರ ಭೀಮಾ ದಾಟಿ
ನನಗಿಂತ ಮೊದಲು ಸೊಲ್ಲಾಪುರದಾಗ ಇಳೀತು.

ಎಡಗಣ್ಣಿನ ತುದಿಗೆ ಮೊದಲು
ಇಳಕಲ್ ಸೀರಿಯ ತೋಪತೆನಿ ಸೆರಗು,
ಮಿಣಮಿಣ, ಹಲ್ಲು ಹಲ್ಲು.
ಅಂಗಡಿ ಬೋರ್ಡಿನ ಮರಾಠಿ
ಮೊದಲೇ ಅರ್ಧ ತಿಳೀತಿತ್ತು,
ಆ ಅರ್ಧದಾಗೂ ಅರ್ಧ ಅಳಿಸಿಹೋಗಿ
ಆಮ್ಯಾಲ ಗೋಡಿ ಆಚೆಯ ಚಾದರದ ಮಗ್ಗ
ಕಿವಿಯ ಮ್ಯಾಲೇ ನೇಯ್ಲಿಕ್ಕೆ ಹತ್ತತದ.

"ಅರ್ಧಶಿಶಿ," ಅಂದ್ರು ಡಾಕ್ಟರ್ ನಿಂಬರಗಿಬಾಯಿ.
ನಾ ಅರ್ಧ ಶೀಶೆ ಅಂತ ಕೇಳಿಸಿಕೊಂಡೆ.
ಯಾವ ಅರ್ಧ ತುಂಬೇದ, ಯಾವುದು ಖಾಲಿ,
ಕೇಳಬೇಕಂದೆ, ಕೇಳಲಿಲ್ಲ.
ದಿನಾ ನಡೀರಿ, ಸ್ವಲ್ಪ ಸ್ವಲ್ಪ,
ನೀರು ಕುಡದು, ಬಿಸಿಲು ಏರೂ ಮೊದಲು.
ಓಡೂದು ಈಗ ಬ್ಯಾಡ.

ನನಗ?
ಇಂಡಿಯ ಸಾಲಿ ಬಯಲಾಗ ಖೋಖೋ ಆಡಾಕಿ ನಾ.
ಬೆನ್ನಿಗೆ ಕೈ ಬಿದ್ದು "ಖೋ" ಅನ್ನೂದ್ರಾಗ
ಎದ್ದು ಹೋಗಿರತಿದ್ದೆ,
ಧೂಳಷ್ಟ ಅಲ್ಲಿ ಕುಂತಿರತಿತ್ತು.

ಬೂಟು ಹುಡುಕಿದೆ. ಬಲಗಾಲಿಂದು ಕುಕ್ಕರಿನ ಡಬ್ಬಿಯಾಗ ಸಿಕ್ತು.
ಎಡಗಾಲಿಂದು ಇವತ್ತಿಗೂ ಸಿಕ್ಕಿಲ್ಲ.
ಚಪ್ಪಲಿ ಮ್ಯಾಲೇ ಹೊಂಟೆ.

ಮೊದಲ ದಿನ ಮೂರು ಲೈಟಿನ ಕಂಬ.
ಎರಡನೆ ದಿನಾನೂ ಮೂರು.
ಮೂರನೆ ದಿನ ನಾಕು, ಜೋಡಿಗೆ ಒಂದು ನಾಯಿ.
ಹಗಲೆಲ್ಲ ಬ್ಯಾಂಕಿನಾಗ ಮಂದಿಯ ನೋಟು ಎಣಸಾಕಿ;
ಮುಂಜಾನಿ ಎಣಸಿದ್ದು ಮಾತ್ರ ನಂದು.
ಆರನೆ ದಿನ ಕಂಬರ ತಲಾವಿನ ಗಾಳಿ ಮಾರಿಗೆ ಬಡದು
ಓಡೇಬಿಟ್ಟೆ,
ಓಢಣಿ ಸೊಂಟಕ್ಕ ಬಿಗದು, ಹನ್ನೊಂದು ಕಂಬ,
ಮೂವತ್ತೊಂಬತ್ತರ ಮೊಣಕಾಲು ಮರ್ತು.

ಕಬ್ಬಿನ ಹಾಲಿನ ಗಾಡಿ ಹತ್ರ
ತೋಪತೆನಿ ಬಂತು.
ಗಾಲಿ ಹಿಡದು ಕಾರಿಕೊಂಡೆ.
ಗಾಡಿಯವ ಏನೂ ಅನ್ನಲಿಲ್ಲ.
ತಂಬಿಗಿ ನೀರು ಮುಂದಿಟ್ಟು
ಗಾಣ ನಿಲ್ಲಿಸಿದ, ಇನ್ನೂ ತೂಗತಿದ್ದ ಗೆಜ್ಜಿಗಳನ್ನ
ಮುಷ್ಟಿಯಾಗ ಹಿಡದು ನಿಂತ.

ಎರಡು ದಿನ ಕತ್ತಲಿ. ಪರದೆ ಇನ್ನೂ ಡಬ್ಬಿಯಾಗ.
ಬಾಜೂಮನಿ ನರಸೂಬಾಯಿ
ಮಗ್ಗದಿಂದ ಆಗಷ್ಟ ಇಳದ ಚಾದರ ತಂದು
ಕಿಡಕಿಗೆ ಮೊಳಿ ಹೊಡೀದೇ ಸಿಗಿಸಿದಳು,
ಹೊಡದ್ರ ಸಪ್ಪಳ ಆಗತದಂತ.
ಗಂಜಿ ವಾಸನಿಗೂ ತಲಿ ಸಿಡೀತು. ಹೇಳಲಿಲ್ಲ.
ಆಕೀದು ತೆಲುಗು, ನಂದು ಕನ್ನಡ,
ನಡುವ ಇಬ್ಬರದೂ ಮುರುಕು ಮರಾಠಿ.
ಮಗ್ಗ ಬಂದ್ ಮಾಡ್ಲೇನು, ಅಂದಳು.
ಹೊಡತಕ್ಕ ಇಷ್ಟಂತ ಆಕಿಯ ಪಗಾರ.
ಬ್ಯಾಡ, ಅಂದೆ.

ಚಾದರದ ನವಿಲು ಓಣಿ ಕಡೆ ಹಸಿರು.
ನನ್ನ ಪಾಲಿಗೆ ಬಂದದ್ದು ಹಿಂಬದಿ:
ಕೆಂಪು ನವಿಲು, ಹಸಿರು ಆಕಾಶ.
ಅದನ್ನ ನೋಡತ ಮಲಗಿ
ಮಗ್ಗದ ಹೊಡತ ಎಣಸಿದೆ.
ಸಾವಿರದ ಮ್ಯಾಲ ಎಲ್ಲೋ ತಪ್ಪಿ, ನಿದ್ದಿ ಬಂತು.

ಮೂರನೆ ದಿನ ಮತ್ತ ಮೂರು ಕಂಬ.
ನಾಚಿಕಿ ಬಂತು. ಅದನ್ನೂ ಕರಕೊಂಡೇ ನಡದೆ.
ತುಂಬಿದ ಕೊಡ ತುಳಕೂದಿಲ್ಲಂತ.
ಅರ್ಧ ಶೀಶೆ ತುಳಕತದ;
ತುಳಕದಂಗ ಹೆಜ್ಜಿ ಇಡೂದು
ಖೋಖೋದಾಗ ಯಾರೂ ಕಲಿಸಿದ್ದಿಲ್ಲ.

ಈಗ ಏಳು ಕಂಬ, ಒಮ್ಮೊಮ್ಮಿ ಎರಡ.
ನಾಲ್ಕು ಡಬ್ಬಿ ಇನ್ನೂ ಬಿಚ್ಚಿಲ್ಲ.
ಕಬ್ಬಿನ ಗಾಡಿಯವ ದೂರಿಂದ ನನ್ನ ಕಂಡಕೂಡ್ಲೇ
ಗಾಣ ನಿಲ್ಲಿಸಿ ಗೆಜ್ಜಿ ಮುಚ್ಚಿ ಹಿಡೀತಾನ,
ಗಿರಾಕಿ ನಿಂತಿದ್ರೂ.
ಇವತ್ತು ಹತ್ರ ಹೋಗಿ
ಮುರುಕು ಮರಾಠಿಯಾಗ ಹೇಳಿದೆ:
ಬಿಡಪ್ಪಾ, ಬಾರಿಸ್ಲಿ.
ಅವ ಒಂದ ಬೆರಳು ಸಡಿಲ ಮಾಡಿ
ನನ್ನ ಮಾರಿ ನೋಡಿದ,
ಆಮ್ಯಾಲ ಇನ್ನೊಂದು.