ಸೋಮವಾರದ ಕೆಮ್ಮು

ಆದೋನಿಯ ಜಿನ್ನಿಂಗ್ ಗೇಟುಗಳಲ್ಲಿ ನನಗೆ ಹೆಸರಿಲ್ಲ.
‘ಕೆಮ್ಮಿನ ಮೇಡಂ ಬಂದ್ಲು’ ಅನ್ನುತ್ತಾರೆ,
ಮೊಸರಿನವಳು ಬಂದಳು ಅನ್ನುವ ಹಾಗೆ.

ಮೊದಮೊದಲು ಕ್ಯಾಸೆಟ್ಟು, ಪೆನ್ಸಿಲು.
ರಾತ್ರಿ ಲಾಡ್ಜಿನಲ್ಲಿ ಕೂತು ಕೆಮ್ಮು ಎಣಿಸುತ್ತಿದ್ದೆ,
ಐದಕ್ಕೊಂದು ಅಡ್ಡಗೆರೆ, ಚೀಲ ಎಣಿಸುವ ಹಮಾಲರಂತೆ.
ಪಕ್ಕದ ಕೋಣೆಯವರು ಬಾಗಿಲು ಬಡಿದು
ಒಮ್ಮೆ ಶುಂಠಿ ಕಷಾಯ ಕೊಟ್ಟು ಹೋದರು.

ಆಮೇಲೆ ಬಂತು, ಕಲಿಯುವ ಯಂತ್ರ.
ಹನ್ನೊಂದು ಸಾವಿರ ಕೆಮ್ಮು ಉಣ್ಣಿಸಿದೆ ಅದಕ್ಕೆ.
ಉರುಕುಂದಮ್ಮನದು ಒಣಗಿದ ತೊಗರಿಕಾಯಿ ಸಿಡಿದಂತೆ,
ಖಾಸಿಂಸಾಬರದು
ಎರಡು ಮೆಟ್ಟಿಲು ಇಳಿದು, ನಿಂತು,
ಮತ್ತೆ ಇಳಿಯುವಂಥದು.
ಆಸ್ಪತ್ರೆಯ ಸಾಲಿನಿಂದ ತಂದ ಬೇರೆ ಕೆಮ್ಮುಗಳೂ ಇದ್ದವು, ಹೋಲಿಸಲಿಕ್ಕೆ.
ನೂರಕ್ಕೆ ತೊಂಬತ್ತಾರು ಸರಿ ಹೇಳಿತು:
ಇದು ಹತ್ತಿ ಹೊಕ್ಕ ಎದೆ, ಇದಲ್ಲ.
ನಾಗಪುರದ ಸಭೆಯಲ್ಲಿ ಚಪ್ಪಾಳೆ. ಶಾಲು. ಒಂದು ಗಾಜಿನ ಫಲಕ.

ಎಲ್ಲರೂ ಚಹಾಕ್ಕೆ ಹೋದಾಗ ಮೈಕು ಆರಿಸಲು
ಮರೆತಿದ್ದ ನಮ್ಮ ಹುಡುಗ ತಿಕ್ಕಣ್ಣ.
ಆ ನಾಲ್ಕು ನಿಮಿಷದಲ್ಲಿ ಯಾರೂ ಕೆಮ್ಮಿಲ್ಲ,
ಅರಳೆ ಬಿಡಿಸುವ ರೋಲರಿನ ಗರಗರ ಅಷ್ಟೇ.
‘ರೋಗ’ ಎಂದಿತು ಯಂತ್ರ. ಅನುಮಾನವೇ ಇಲ್ಲದೆ.

ಮೂರು ವರ್ಷ ಅದು ಕೇಳಿದ್ದು
ಯಾರ ಎದೆಯನ್ನೂ ಅಲ್ಲ.
ಗಿರಣಿಯ ಸದ್ದಿದ್ದರೆ ರೋಗ, ಆಸ್ಪತ್ರೆಯ ಫ್ಯಾನಿದ್ದರೆ ಆರೋಗ್ಯ.
ಯಂತ್ರ ಯಂತ್ರದ ದನಿ ಹಿಡಿದಿತ್ತು, ದಾಯಾದಿಯ ದನಿ ಹಿಡಿದ ಹಾಗೆ.

ಪ್ರಬಂಧ ಹಿಂತೆಗೆದುಕೊಳ್ಳುತ್ತೇನೆಂದು ಕಾಗದ ಬರೆದೆ.
ಫಲಕ ಬಾಗಿಲಿಗೆ ಒತ್ತಾಯಿತು.
ಉರುಕುಂದಮ್ಮನಿಗೆ ಹೇಳಲು ಹೋದೆ,
ಅವಳಿಗೆ ಹೇಳದೆ ಇರಬಹುದಿತ್ತು.
ತಲೆಯ ಮೇಲಿನ ಅರಳೆ ಕೊಡವುತ್ತ ನಕ್ಕಳು, ನಗು ಕೆಮ್ಮಾಯಿತು:
‘ಗಿರಣಿಗೇ ರೋಗ ಅಂತ ಹೇಳೈತಿ.
ಅದರಾಗ ತಪ್ಪೇನೈತಮ್ಮಾ?’

ಮತ್ತೆ ಮೊದಲಿನಿಂದ. ದರ್ಗಾದ ಹಿಂದೊಂದು ಕೋಣೆ,
ಗೋಡೆಗೆಲ್ಲ ಕೌದಿ ಹೊದಿಸಿದೆವು,
ಹತ್ತಿಯ ಸದ್ದು ಅಡಗಿಸಲು ಹತ್ತಿಯೇ.
ಭಾನುವಾರ ಸಂಜೆಗೊಮ್ಮೆ, ಸೋಮವಾರ ಸಂಜೆಗೊಮ್ಮೆ ಬರ್ರಿ ಎಂದೆ.
ರಜೆಯ ದಿನ ಸಡಿಲವಾದ ಎದೆ
ಮೊದಲ ಪಾಳಿಗೇ ಬಿಗಿಯುತ್ತದೆ ಎಂದು
ಅವರಿಗೆ ನಾನು ಹೇಳಬೇಕಿರಲಿಲ್ಲ.
ಖಾಸಿಂಸಾಬರು ನಲವತ್ತು ವಾರ ಬಂದರು.
ಆಮೇಲೆ ಅವರ ಮಗ ಬಂದ,
ಅಪ್ಪನ ಚೀಟಿ ಹಿಂದಿರುಗಿಸಲು.

ಹೊಸದು ನೂರಕ್ಕೆ ಎಪ್ಪತ್ತೊಂದೇ. ಶಾಲಿಲ್ಲ.
ಆದರೆ ಯಾರದೆಂದು ತಿಳಿಸದೆ ಒಂದು ಕೆಮ್ಮು ಕೇಳಿಸಿದರೆ
‘ಸೋಮವಾರ’ ಎನ್ನುತ್ತದೆ.
ಮಾಲೀಕರು ಕೊಟ್ಟ ಕ್ಯಾಲೆಂಡರಿನಲ್ಲಿ
ಆ ದಿನಕ್ಕೆ ಯಾವ ಬಣ್ಣವೂ ಇಲ್ಲ.

ಮಾರ್ಚಿಗೆ ನನ್ನ ನಿವೃತ್ತಿ. ಕಡತ ತಿರುವುವಾಗ ಮೊನ್ನೆ
ಉರುಕುಂದಮ್ಮನ ಭಾನುವಾರವೊಂದು ಸಿಕ್ಕಿತು, ಹನ್ನೆರಡು ಸೆಕೆಂಡು.
ಉಸಿರು. ಬಳೆ. ಮತ್ತೆ ಮೈಕಿನ ತೀರ ಹತ್ತಿರ ಬಾಯಿ ತಂದು,
ತಪ್ಪು ಮಾಡಿದವಳಂತೆ:
‘ಮೇಡಂ, ಇವತ್ತ ಕೆಮ್ಮೇ ಬರವಲ್ದು.
ಏನ್ ಮಾಡ್ಲಿ?’

ಅದನ್ನು ಯಂತ್ರಕ್ಕೆ ಕೊಟ್ಟಿಲ್ಲ.