ಹತ್ತರ ಕೆಂಪು

ವಾಸ್ಕೋದ ಗಾಳಿಗೆ ಉಪ್ಪಿನ ಹಲ್ಲು.
ಬ್ಯಾಟರಿಯ ತಲೆಯ ಮೇಲೆ ತಿಂಗಳಿಗೊಮ್ಮೆ
ಹಸಿರು ಬಿಳಿ ಹೂ ಬಿಡುತ್ತದೆ, ಯಾರೂ ಮುಡಿಯದ್ದು.
ಬಿಸಿನೀರು, ಸೋಡಾಪುಡಿ, ಸವೆದ ಹಲ್ಲುಜ್ಜುವ ಬ್ರಶ್ಶು,
ಒಣಗಿದ ಮೇಲೆ ಒಂದು ಬೆರಳು ವ್ಯಾಸಲಿನ್.
ಇಷ್ಟು ನನಗೂ ಗೊತ್ತು.
ಬಿಚ್ಚುವಾಗ ಮೊದಲು ಮೈನಸ್, ಕೂಡಿಸುವಾಗ ಕೊನೆಗೆ ಮೈನಸ್,
ಇದೂ ಗೊತ್ತು, ಒಮ್ಮೆ ಪಾನಾ ಕಿಡಿ ಕಾರಿ ಕಲಿಸಿದ್ದು.

ಗೊತ್ತಾಗದೆ ಹೋದದ್ದು ಹಿಂದಿನ ದೀಪ.
ಅರವತ್ತು ಡಬ್ಬಿ ರೊಟ್ಟಿ ಪಲ್ಯ ಹೊತ್ತು
ಬಂದರಿನ ರಾತ್ರಿ ಪಾಳಿಗೆ ಹೊರಟ ನನ್ನ ಓಮ್ನಿಯನ್ನು
ಚಿಕಲಿಂ ತಿರುವಿನಲ್ಲಿ ಪೊಲೀಸ ತಡೆದು
"ಬಾಯೆ, ಫಾಟ್ಲೊ ಲಾಯ್ಟ್ ನಾ" ಅಂದ.
ಇಳಿದು ನೋಡಿದೆ. ಎರಡೂ ಕಣ್ಣು ಕತ್ತಲೆ.

ಫ್ಯೂಸು ಬದಲಿಸಿದೆ. ನಾಕು ದಿನ.
ಮತ್ತೆ ಬದಲಿಸಿದೆ. ಒಂದೂವರೆ ದಿನ.
ಪಕ್ಕದ ಟೆಂಪೋದ ರೊಝಾರಿಯೊ
ಸಿಗರೇಟಿನ ಬೆಳ್ಳಿ ಕಾಗದ ಹರಿದು ಕೊಟ್ಟ:
"ಸುತ್ತು ಇದನ್ನ, ಜನ್ಮಕ್ಕೆ ಸುಡೋದಿಲ್ಲ."
ಮೈದುನ ಹಸಿರು ಬಣ್ಣದ ಮೂವತ್ತರದ್ದು ತಂದ.
ಇಬ್ಬರನ್ನೂ ನಂಬಲು ಮನಸ್ಸಿತ್ತು.
ಹೊತ್ತಾಗಿತ್ತು, ಪಲ್ಯ ಆರುತ್ತಿತ್ತು.

ಝುವಾರಿನಗರದ ಏರಿನಲ್ಲಿ ತಾಳಿಕೋಟಿ ಲಾಲಸಾಬನ ತಗಡಿನ ಅಂಗಡಿ.
ಕನ್ನಡಕದ ಒಂದು ಕಾಲಿಗೆ ಕರಿ ಟೇಪು.
ಸುಟ್ಟ ಫ್ಯೂಸನ್ನು ಬಿಸಿಲಿಗೆ ಹಿಡಿದ,
ಕೂಸಿನ ಉದುರಿದ ಹಲ್ಲು ನೋಡುವಂತೆ.
"ಇದರದೇನ ತಪ್ಪಿಲ್ಲ ಅಕ್ಕಾ. ಸಾಯೂ ಕೆಲಸಕ್ಕಂತನ ಸೇರಿದ್ದು ಇದು.
ಮೂವತ್ತರದು ಹಾಕಿದ್ರ ಫ್ಯೂಸ್ ಉಳೀತದ,
ವಾಯರ್ ಸುಡತದ. ಆಮ್ಯಾಲೆ ನೀ, ನಿನ್ನ ರೊಟ್ಟಿ."

ಹಿಂದಿನ ಬಲ್ಬುಗಳನ್ನೆಲ್ಲ ಬಿಚ್ಚಿಟ್ಟ.
ಫ್ಯೂಸಿನ ಖಾಲಿ ಗೂಡಿಗೆ
ಎರಡು ತಂತಿ ಕಟ್ಟಿದ ಬೇರೊಂದು ಬಲ್ಬು ಸಿಕ್ಕಿಸಿದ.
ಸ್ವಿಚ್ಚು ತಿರುವಿದ್ದೇ ಝಗ್ಗನೆ ಉರಿಯಿತು.
"ಬಂತಲ್ಲ!" ಅಂದೆ.
ಆತ ನಗಲಿಲ್ಲ. "ಇದು ಉರಿಯೂತನಕ
ಎಲ್ಲೋ ರೋಗ ಐತಿ. ಆರಬೇಕು ಇದು."

ಆರಲಿ ಎಂದು ದೀಪದೆದುರು ಕೂತದ್ದು
ಬದುಕಿನಲ್ಲಿ ಅದೇ ಮೊದಲು.

ಆತ ತಂತಿಯ ಜಡೆಯನ್ನು ಗೇಣುಗೇಣಾಗಿ ಅಲುಗಿಸುತ್ತ ಹೋದ,
ಡ್ಯಾಶ್‌ಬೋರ್ಡಿನಡಿ, ಸೀಟಿನಡಿ,
ಚೆಲ್ಲಿದ ಸಾರು ಒಣಗಿ ಕಪ್ಪಾದ ಚಾಪೆಯಡಿ.
"ಉರೀಲಿಕ್ಕತ್ತೇತಿ?"
"ಉರೀಲಿಕ್ಕತ್ತೇತಿ."
ಹಿಂಬಾಗಿಲ ಕೀಲಿನ ಹತ್ತಿರ
ರಬ್ಬರಿನ ಕೊಳವೆ ಹಿಡಿದು ಮೆಲ್ಲಗೆ ಮಡಿಸಿದ.
ಬಲ್ಬು ಒಮ್ಮೆ ಮಿಟುಕಿತು.
ಆರಿತು.

ಬ್ಲೇಡಿನಿಂದ ಸೀಳಿದರೆ ಒಳಗೆ
ನಂಬರ್ ಪ್ಲೇಟಿನ ಪುಟ್ಟ ದೀಪಕ್ಕೆ ಹೋಗುವ ತಂತಿ,
ಗೋಣಿ ಹೊಲಿಯುವ ದಾರದಷ್ಟೂ ದಪ್ಪವಿಲ್ಲ.
ಸಿಪ್ಪೆ ಸವೆದು ತಾಮ್ರ ತಗಡಿಗೆ ತಾಗುತ್ತಿತ್ತು.
"ದಿನಾ ಎಷ್ಟ ಸಲ ತೆಗೀತಿ ಈ ಬಾಗಲಾ?"
ಲೆಕ್ಕ ಹಾಕತೊಡಗಿದೆ. ಒಂಬತ್ತು ವರ್ಷ. ಬಿಟ್ಟುಬಿಟ್ಟೆ.
ಇಲಿಯನ್ನು ಬೈದಿದ್ದೆ, ಮಳೆಯನ್ನು, ಚೀನಾ ಮಾಲನ್ನು.
ಸವೆಸಿದ್ದು ನನ್ನ ಕೈ.
ಹೊಟ್ಟೆ ಹೊರೆದದ್ದೂ ಅದೇ ಬಾಗಿಲು.

ಹಾಳಾದಷ್ಟು ಕತ್ತರಿಸಿ ಹೊಸ ತುಂಡು ಬೆಸೆದ,
ಹೊಗೆ ಊದಿದ, ಟೇಪು ಸುತ್ತಿದ,
ಕೀಲಿನ ಹತ್ತಿರ ಎರಡು ಬೆರಳು ಸಡಿಲ ಬಿಟ್ಟ.
"ಬಿಗದ ಕಟ್ಟಿದ್ರ ಮತ್ತ ಹರೀತದ."
ನೂರೈವತ್ತು ರೂಪಾಯಿ, ಒಂದು ಡಬ್ಬಿ ಊಟ.
ಹತ್ತರ ಕೆಂಪು ಫ್ಯೂಸು ಎರಡು ಹೆಚ್ಚಿಗೆ ಕೊಟ್ಟ.
ಮಸಾಲೆ ಡಬ್ಬಿಯಲ್ಲಿ ಲವಂಗದ ಪಕ್ಕ ಇಟ್ಟಿದ್ದೇನೆ;
ಮೈದುನ ಒಮ್ಮೆ ಒಣಮೆಣಸಿನ ಚೂರೆಂದು ಬಾಯಿಗೆ ಹಾಕಿದ್ದ.

ಕೂತಲ್ಲಿಂದ ಹಿಂದಿನ ದೀಪ ಕಾಣುವುದಿಲ್ಲ.
ರಾತ್ರಿ ಗಲ್ಲಿಯೊಳಗೆ ಗಾಡಿ ಹಿಂದಕ್ಕೆ ತರುವಾಗ
ಕಲ್ಲಿದ್ದಲ ಧೂಳು ಹೊದ್ದ ಗೋಡೆಯ ಮೇಲೆ
ಎರಡು ಕೆಂಪು ಕಲೆ ಮೆಲ್ಲಗೆ ಹತ್ತಿರ ಬರುತ್ತವೆ.
ಅಷ್ಟು ನೋಡಿ ಚಾವಿ ತಿರುವುತ್ತೇನೆ.
ನಾಳೆಯ ಹಿಟ್ಟು ಇನ್ನೂ ಸೋಸಬೇಕು.